ಬಿಡಿಸಿದ್ದನ್ನು ಅವರಿಗೂ ತೋರಿಸು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಈ ಪತ್ರ ನಿನ್ನ ಕೈಗೆ ಸಿಗುವ ಹೊತ್ತಿಗೆ ಮತ್ಸ್ಯಗಂಧ ರೈಲು ಕುಂದಾಪುರ ಬಿಟ್ಟು ಬಹಳ ದೂರ ಹೋಗಿರುತ್ತದೆ. ಸ್ಕೆಚ್ ಪುಸ್ತಕದ ನಡುವೆ ಇಟ್ಟಿದ್ದೇನೆ. ಅದನ್ನು ತೆರೆಯದೆ ನೀನು ಒಂದು ರಾತ್ರಿಯೂ ಇರಲಾರೆ ಎಂಬುದು ನನಗೆ ಗೊತ್ತು. ಆ ರಾತ್ರಿಯ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಚಿತ್ರ ಬಿಡಿಸಲು ಮುಂಬೈಗೆ ಹೋಗುವ ನಿಮ್ಮ ಈ ಪ್ರವಾಸದ ಒಪ್ಪಿಗೆ ಪತ್ರವನ್ನು ಹರಿದು ಹಾಕಿದ್ದು ನನ್ನ ತಪ್ಪು. ನೀನು ಇನ್ನೊಂದನ್ನು ತಂದು, ಏನೂ ಹೇಳದೆ ಗಲ್ಲಾದ ಮೇಲಿಟ್ಟು ಹೋದೆ. ನಾನು ಹಿಟ್ಟಿನ ಕೈಯಲ್ಲೇ ಸಹಿ ಹಾಕಿದೆ.

ನಾನು ಮುಂಬೈ ಹೋಟೆಲಿನಲ್ಲಿ ದುಡಿದದ್ದು ನಿನಗೆ ತಿಳಿದೇ ಇದೆ. ಆದರೆ ಅಲ್ಲಿನ ಒಂದು ಸಂಗತಿಯನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

1986ರಲ್ಲಿ ನನಗೆ 14 ವರ್ಷ. ಫೋರ್ಟ್ ಪ್ರದೇಶದ ಕಚೇರಿಗಳಿಗೆ ಚಹಾ ಒಯ್ಯುವುದು ನನ್ನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ವಿ.ಟಿ. ರೈಲು ನಿಲ್ದಾಣದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಎದುರಿನ ಫುಟ್‌ಪಾತಿನಲ್ಲಿ ಜೆ.ಜೆ. ಕಲಾಶಾಲೆಯ ಹುಡುಗರು ಸಾಲಾಗಿ ಕುಳಿತು ಆ ಕಟ್ಟಡವನ್ನು ಬಿಡಿಸುತ್ತಿದ್ದರು. ಅವರಲ್ಲಿ ಒಬ್ಬ ನನ್ನನ್ನು ತಡೆದು, ಹಾಗೆಯೇ ನಿಲ್ಲುವಂತೆ ಹಿಂದಿಯಲ್ಲಿ ಹೇಳಿದ. ಆರು ಗ್ಲಾಸುಗಳಿದ್ದ ತಂತಿಯ ಸ್ಟ್ಯಾಂಡನ್ನು ಬಲಗೈಯಲ್ಲಿ ಹಿಡಿದು ನಿಂತೆ. ಅವನು ನನ್ನ ಕಿವಿ, ಮಣಿಕಟ್ಟು, ಚಪ್ಪಲಿಯಿಲ್ಲದ ಪಾದಗಳನ್ನು ಒಂದೊಂದಾಗಿ ನೋಡುತ್ತಿದ್ದ. ಊರು ಬಿಟ್ಟ ಮೇಲೆ ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ. ತೋಳು ಸೋತಿತು, ಚಹಾದ ಮೇಲೆ ಕೆನೆ ಕಟ್ಟಿತು, ಆದರೂ ನಾನು ಅಲುಗಲಿಲ್ಲ. ಮುಗಿದ ತಕ್ಷಣ ಅವನು ಪುಸ್ತಕ ಮುಚ್ಚಿ ಗೆಳೆಯರ ಜೊತೆ ರಸ್ತೆ ದಾಟಿಬಿಟ್ಟ. ತೋರಿಸು ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಆ ಆರು ಚಹಾದ ಹಣವನ್ನು ನನ್ನ ಸಂಬಳದಲ್ಲಿ ಹಿಡಿದರು.

ಹಣದ ಬೇಸರ ಅಂದೇ ಹೋಯಿತು. ಆದರೆ ಆ ಪುಸ್ತಕದಲ್ಲಿ ನಾನು ಹೇಗಿದ್ದೆ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹದಿನೈದು ದಿನ ಅದೇ ಹೊತ್ತಿಗೆ ಅದೇ ಫುಟ್‌ಪಾತಿಗೆ ಹೋಗಿ ನೋಡಿದೆ. ಆ ವಯಸ್ಸಿನ ನನ್ನ ಫೋಟೊ ಒಂದೂ ಇಲ್ಲ. ಇದ್ದದ್ದು ಅದೊಂದೇ ಚಿತ್ರ, ಅದನ್ನೂ ನಾನು ಕಾಣಲಿಲ್ಲ.

ನಿಮ್ಮ ಕಾರ್ಯಕ್ರಮದ ಪಟ್ಟಿಯನ್ನು ಓದಿದೆ. ಮೂರನೆಯ ದಿನ ನೀವೂ ಅಲ್ಲೇ ಕುಳಿತು ಬಿಡಿಸುವವರಿದ್ದೀರಿ. 1878ರಲ್ಲಿ ಆರಂಭಿಸಿ ಹತ್ತು ವರ್ಷ ಕಟ್ಟಿದ ಆ ನಿಲ್ದಾಣದ ಕಲ್ಲಿನ ಕೆತ್ತನೆಯ ಕೆಲಸದಲ್ಲಿ ಅದೇ ಕಲಾಶಾಲೆಯ ವಿದ್ಯಾರ್ಥಿಗಳ ಕೈಯೂ ಇದೆ ಎಂದು ಮುಂದೆ ರಾತ್ರಿ ಶಾಲೆಯ ಮೇಷ್ಟ್ರು ಹೇಳಿದ್ದರು. ಬಾಗಿಲ ಕಂಬಗಳ ಮೇಲಿನ ಸಿಂಹವನ್ನೂ ಹುಲಿಯನ್ನೂ ನಿಧಾನವಾಗಿ ನೋಡು. ನಮ್ಮ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಓದಿದ್ದೂ, ಮುಂದೆ ಪಾಠ ಹೇಳಿದ್ದೂ ಆ ಕಲಾಶಾಲೆಯಲ್ಲೇ. ಚಿತ್ರದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನಿನಗೆ ಹೇಳಿದ ನಾನು ಇದನ್ನು ತಿಳಿದೇ ಹೇಳಿದೆ, ಹೆದರಿಕೆಯಿಂದ ಹೇಳಿದೆ. ನಿನ್ನ ಗೆರೆಗಳನ್ನು ನೋಡಿದಾಗ ನನಗೆ ಆಗುವ ಹೆಮ್ಮೆಯನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಆದ್ದರಿಂದ ಮಗಾ, ಮೀನು ಮಾರುವವಳನ್ನಾಗಲಿ, ಹಮಾಲನನ್ನಾಗಲಿ, ಚಹಾದ ಹುಡುಗನನ್ನಾಗಲಿ ಬಿಡಿಸುವ ಮೊದಲು ಅವರನ್ನು ಕೇಳು. ಅವರ ಕೈಯಲ್ಲಿ ಭಾರವಿದ್ದರೆ ಇಳಿಸಲು ಹೇಳು, ಬಹಳ ಹೊತ್ತು ನಿಲ್ಲಿಸಬೇಡ, ಅವರ ಹೊತ್ತಿಗೆ ಕೂಲಿಯಿದೆ. ಮುಗಿದ ಮೇಲೆ ಪುಸ್ತಕವನ್ನು ಅವರತ್ತ ತಿರುಗಿಸಿ ತೋರಿಸು. ಚಿತ್ರ ಚೆನ್ನಾಗಿ ಬಂದಿರದಿದ್ದರೂ ತೋರಿಸು. ಆಗ ಆ ಹುಡುಗ ನನಗೆ ತೋರಿಸಿದ್ದರೆ ಎಂದು ಈಗಲೂ, ಬೆಳಿಗ್ಗೆ ಒಲೆ ಹೊತ್ತಿಸುವಾಗ, ಕೆಲವೊಮ್ಮೆ ಯೋಚಿಸುತ್ತೇನೆ. ಅವನಿಗೂ ಈಗ ಅರವತ್ತರ ಹತ್ತಿರವಾಗಿರಬೇಕು. ಆ ಪುಸ್ತಕ ಅವನ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಇರಲೂಬಹುದು.

ಲೋಕಲ್ ರೈಲಿನಲ್ಲಿ ಮಹಿಳೆಯರ ಡಬ್ಬಿಗೇ ಹತ್ತು. ಬಾಗಿಲ ಬಳಿ ನಿಂತು ಸ್ಕೆಚ್ ಮಾಡಬೇಡ, ಗಾಡಿ ಪೂರ್ತಿ ನಿಲ್ಲದೆ ಇಳಿಯಬೇಡ. ದಾದರ್‌ನಲ್ಲಿ ಜನರ ನೂಕು ನಿನ್ನನ್ನು ಎತ್ತಿಕೊಂಡೇ ಹೋಗುತ್ತದೆ. ಆಗ ಚೀಲ ಎದೆಯ ಮೇಲಿರಲಿ. ಎಲಿಫೆಂಟಾ ಗುಹೆಗಳು ಸೋಮವಾರ ಮುಚ್ಚಿರುತ್ತವೆ, ನಿಮ್ಮ ಪಟ್ಟಿಯಲ್ಲಿ ಸೋಮವಾರವೆಂದೇ ಇದೆ, ಮೇಷ್ಟ್ರಿಗೆ ಮರೆಯದೆ ಹೇಳು. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ, ಬಿಸಿಲಿಗೆ ತಲೆ ಮುಚ್ಚಿಕೋ. ಇದೆಲ್ಲ ಉಪದೇಶವಾಯಿತು ಎಂದು ಗೊತ್ತು, ಆದರೂ ಬರೆಯದೆ ಇರಲಾಗಲಿಲ್ಲ.

ಚೀಲದ ಒಳಜೇಬಿನಲ್ಲಿ 2,000 ರೂಪಾಯಿ ಇದೆ. ಬಣ್ಣಕ್ಕೇ ಖರ್ಚು ಮಾಡು, ಲೆಕ್ಕ ಕೇಳುವುದಿಲ್ಲ. ಬೆಳಿಗ್ಗೆ ಇಳಿದ ಕೂಡಲೇ ಒಂದು ಮಾತು ಫೋನ್ ಮಾಡು. ಐದು ಗಂಟೆಯಿಂದಲೇ ಫೋನನ್ನು ಒಲೆಯ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.

ನಿನ್ನ ಅಪ್ಪ