ಉಗಾಂಡದ ಟೆಸೋ ಸೀಮೆಯ ಹನ್ನೊಂದು ಕೈಪಂಪುಗಳಿಗೆ ಹೊಸ ಪೈಪು: ನವೆಂಬರ್ 30ರೊಳಗೆ ನಿಮ್ಮ ನೆರವು ಬೇಕು

ಪ್ರೀತಿಯ ದಾನಿಗಳೇ, ಸ್ನೇಹಿತರೇ,

ಕಳೆದ ಫೆಬ್ರುವರಿಯಲ್ಲಿ ನಮ್ಮ ನಾಲ್ಕು ಕೈಪಂಪುಗಳು ಒಂದೇ ತಿಂಗಳಲ್ಲಿ ನಿಂತುಹೋದವು. ನಾಲ್ಕೂ ನಾವು ಮೊದಮೊದಲು ಹಾಕಿಸಿದವು. ಮೆಕ್ಯಾನಿಕ್ ಪೈಪು ಮೇಲೆತ್ತಿದಾಗ ಅದು ತುಕ್ಕು ತಿಂದು ತೂತುಬಿದ್ದಿತ್ತು. ಕೆಲವು ಕಡೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ನೀರು ಕೆಂಪಗೆ ಬರ್ತಿದೆ, ಬಟ್ಟೆಗೆ ಕಲೆ ಹಿಡೀತಿದೆ ಅಂತ ಅಲ್ಲಿನ ಹೆಂಗಸರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ನಾವು ಅದನ್ನು ವರದಿಯಲ್ಲಿ ಬರೆದುಕೊಂಡು ಹೊಸ ಬಾವಿ ಕೊರೆಸಲು ಹೋದೆವು. ತಪ್ಪು ನಮ್ಮದು. ಖಜಾಂಚಿಯಾಗಿ ನಾನು ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಟ್ರಸ್ಟಿನ ಕಥೆ ನಿಮಗೆ ಗೊತ್ತೇ ಇದೆ. 2007ರಲ್ಲಿ ಉಗಾಂಡದ ಈಶಾನ್ಯದ ಟೆಸೋ ಸೀಮೆ ಪ್ರವಾಹದಲ್ಲಿ ಮುಳುಗಿದಾಗ, ಇಂಗ್ಲೆಂಡಿನಲ್ಲಿದ್ದ ನಾವು ಕೆಲವು ಕನ್ನಡ ಕುಟುಂಬಗಳು ಹಬ್ಬದ ಊಟದ ಹಣ ಉಳಿಸಿ ಕಳಿಸಿದ್ದು ಮೊದಲ ಕಾಣಿಕೆ. ಆ ಜನ ಆಗಲೇ ಬಹಳ ನೊಂದಿದ್ದರು. 2003ರಲ್ಲಿ ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಬಂಡುಕೋರರು ಊರಿಗೆ ನುಗ್ಗಿ ಮಕ್ಕಳನ್ನು ಎಳೆದೊಯ್ದಿದ್ದರು. ಅದಕ್ಕೂ ಮೊದಲು ವರ್ಷಗಟ್ಟಲೆ ದನಗಳ್ಳರ ಕಾಟ. ದನವೇ ಆಸ್ತಿಯಾಗಿದ್ದ ಮನೆಗಳು ಬರಿದಾಗಿದ್ದವು.

ಮೊದಲ ಸಲ ಟೆಸೋದ ಮುಖ್ಯ ಪಟ್ಟಣ ಸೊರೋಟಿಗೆ ಹೋದಾಗ ಒಂದು ಮನೆಯಲ್ಲಿ ನಮಗೆ 'ಅತಾಪ್' ಬಡಿಸಿದರು. ರಾಗಿ, ಜೋಳ, ಮರಗೆಣಸಿನ ಹಿಟ್ಟು ಸೇರಿಸಿ ತಿರುವಿದ ಮುದ್ದೆ. ಹಾಸನದಲ್ಲಿ ಬೆಳೆದ ನನಗೆ ಕಣ್ಣು ತುಂಬಿಬಂತು. ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದಲೇ ನಮ್ಮ ಕಡೆ ಬಂದದ್ದು ಅಲ್ವಾ? ಅಂಗಳದಲ್ಲಿ ನಿಂತಿದ್ದ ಪಂಪೂ ಪರಿಚಯದ್ದೇ. ನಮ್ಮೂರ ಶಾಲೆಯ ಮುಂದೆ ನಾವು ಜೋತುಬಿದ್ದು ಹೊಡೆಯುತ್ತಿದ್ದ ಬೋರಿಂಗ್, ಅದೇ ಇಂಡಿಯಾ ಮಾರ್ಕ್ 2. ಉಗಾಂಡದಲ್ಲಿ ಅದನ್ನು ಯು-2 ಅನ್ನುತ್ತಾರೆ.

ಪಂಪು ಕೆಟ್ಟದ್ದಲ್ಲ. ಕೆಟ್ಟದ್ದು ಅದರೊಳಗೆ ಇಳಿಬಿಟ್ಟ ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಅಂತರ್ಜಲದಲ್ಲಿ ಆಮ್ಲದ ಅಂಶ ಜಾಸ್ತಿಯಿದ್ದರೆ, ಅಂದರೆ ಪಿಎಚ್ 6.5ಕ್ಕಿಂತ ಕೆಳಗಿದ್ದರೆ, ಮೇಲಿನ ಸತುವಿನ ಲೇಪ ಬೇಗ ಹೋಗಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಉಗಾಂಡ ಸರ್ಕಾರ 2016ರಲ್ಲಿ ಜಿ.ಐ. ಪೈಪಿನ ಬಳಕೆಯನ್ನೇ ತಡೆಯಿತು. ಆಮೇಲೆ ನಾವೂ ತುಕ್ಕು ಹಿಡಿಯದ ಸ್ಟೀಲ್ ಪೈಪನ್ನೇ ಹಾಕಿಸಿದೆವು. ಆದರೆ ಹಳೆಯವು ಹಾಗೇ ಉಳಿದವು. ಹೊಸ ಬಾವಿಗೆ ಹಣ ಕೇಳಿದರೆ ಸಿಗುತ್ತದೆ. ರಿಪೇರಿಗೆ ಕೇಳಲು ನಾವು ಹಿಂಜರಿದೆವು.

ಪಂಪು ನಿಂತ ಊರಿನಲ್ಲಿ ಬೆಳಿಗ್ಗೆ ಹೇಗಿರುತ್ತದೆ ಗೊತ್ತಾ? ಇನ್ನೂ ಓಡುತ್ತಿರುವ ಪಕ್ಕದ ಊರಿನ ಪಂಪಿನ ಮುಂದೆ ಕತ್ತಲಿರುವಾಗಲೇ ಸಾಲು. ಆ ಸಾಲಿನಲ್ಲಿ ಜನ ಇರುವುದಿಲ್ಲ, ಹಳದಿ ಕ್ಯಾನುಗಳು ಇರುತ್ತವೆ. ಒಂದಕ್ಕೆ 20 ಲೀಟರ್. ಹತ್ತು ವರ್ಷದ ಹುಡುಗಿಯರು ಅದನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಶಾಲೆಯ ಗಂಟೆ ಅಷ್ಟರಲ್ಲಿ ಹೊಡೆದಿರುತ್ತದೆ. ಸಾಲಿನಲ್ಲಿ ನಿಲ್ಲಲಾಗದವರು ಜೌಗಿನ ನೀರು ತುಂಬುತ್ತಾರೆ, ದನ ಕುಡಿಯುವ ಜಾಗದಿಂದಲೇ.

ಹಣ ಯಾರ ಕೈಯಲ್ಲಿ ಇರುತ್ತದೆ ಅಂತ ಹೊಸ ದಾನಿಗಳು ಕೇಳುತ್ತಾರೆ. ಕೇಳಲೇಬೇಕು. ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಇಂಗ್ಲೆಂಡಿನ ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಿದ ನಾವು ಏಳು ಜನ ಟ್ರಸ್ಟಿಗಳು. ಯಾರಿಗೂ ಸಂಬಳವಿಲ್ಲ. ವಿಮಾನದ ಟಿಕೆಟ್ಟೂ ಸ್ವಂತದ್ದು. ಬ್ಯಾಂಕಿನಿಂದ ಒಂದು ಪೌಂಡ್ ಹೊರಗೆ ಹೋಗಬೇಕಾದರೂ ಇಬ್ಬರು ಒಪ್ಪಬೇಕು. ವರ್ಷದ ಲೆಕ್ಕವನ್ನು ನಮಗೆ ಸಂಬಂಧವಿಲ್ಲದ ಪರೀಕ್ಷಕರು ನೋಡುತ್ತಾರೆ. ವರ್ಷ ಮುಗಿದ ಹತ್ತು ತಿಂಗಳೊಳಗೆ ಅದು ಕಮಿಷನ್‌ಗೆ ಹೋಗುತ್ತದೆ. ಒಂದು ವರ್ಷವೂ ತಡವಾಗಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಲ್ಲಿನ ಕೆಲಸ ಮಾಡುವುದು ಸೊರೋಟಿಯ ನಮ್ಮ ಜೊತೆಗಾರ ಸಂಸ್ಥೆ. ಉಗಾಂಡದ 2016ರ ಎನ್‌ಜಿಓ ಕಾಯ್ದೆಯ ಪ್ರಕಾರ ಅವರು ಜಿಲ್ಲಾಡಳಿತದ ಒಪ್ಪಿಗೆ ಪಡೆದು, ಒಡಂಬಡಿಕೆ ಮಾಡಿಕೊಂಡು ಕೆಲಸ ಮಾಡಬೇಕು. ಮೂರು ತಿಂಗಳಿಗೊಮ್ಮೆ ಕಂತು. ಹಿಂದಿನ ಕಂತಿನ ರಸೀದಿ ಬರದೆ ಮುಂದಿನದು ಹೋಗುವುದಿಲ್ಲ. ಪ್ರತಿ ಪಂಪಿಗೂ ಊರಿನವರೇ ಆರಿಸಿದ ನೀರಿನ ಸಮಿತಿ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಮನೆಮನೆಯಿಂದ ತಿಂಗಳಿಗಿಷ್ಟು ಅಂತ ಕೂಡಿಸಿ ವಾಷರ್, ಚೈನು, ಗ್ರೀಸು ಅವರೇ ನೋಡಿಕೊಳ್ಳುತ್ತಾರೆ. ಇಡೀ ಪೈಪು ಬದಲಿಸುವಷ್ಟು ಹಣ ಅವರಿಂದ ಆಗುವ ಮಾತಲ್ಲ. ಈ ಫೆಬ್ರುವರಿಯ ಪಾಠದ ನಂತರ ನಾವು ಒಂದು ನಿಯಮ ಬದಲಿಸಿದೆವು. ಇನ್ನು ಮೇಲೆ ಯಾವ ಪಂಪಿನ ಕೆಲಸ ಮೊದಲು ಅಂತ ಆ ಸಮಿತಿಗಳ ಸಭೆಯೇ ತೀರ್ಮಾನಿಸುತ್ತದೆ. ನಾವಲ್ಲ.

ನಮ್ಮ ಆದಾಯದ ಅರ್ಧ ನಿಮ್ಮಂಥವರ ತಿಂಗಳ ಕಾಣಿಕೆ. ಇನ್ನರ್ಧ ಒಂದು ಫೌಂಡೇಶನ್ನಿನ ಮೂರು ವರ್ಷದ ಅನುದಾನವಾಗಿತ್ತು. ಅದು ಮಾರ್ಚ್‌ನಲ್ಲಿ ಮುಗಿಯಿತು. ಬ್ರಿಟನ್ ಸರ್ಕಾರ 2021ರಲ್ಲಿ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡ 0.7ರಿಂದ 0.5ಕ್ಕೆ ಇಳಿಸಿತು. 2027ಕ್ಕೆ 0.3 ಮಾಡುವುದಾಗಿ 2025ರಲ್ಲಿ ಹೇಳಿತು. ಅದೇ ವರ್ಷ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಹಾಗಾಗಿ ಉಳಿದ ಫೌಂಡೇಶನ್ನುಗಳ ಬಾಗಿಲಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಸಾಲು ನಿಂತಿವೆ. ನಮ್ಮಂಥ ಸಣ್ಣವರಿಗೆ ಉಳಿದಿರುವುದು ನೀವು.

ನಿಂತ ನಾಲ್ಕರಲ್ಲಿ ಎರಡನ್ನು ಮೀಸಲು ಹಣ ತೆಗೆದು ಸರಿಮಾಡಿಸಿದೆವು. ಈಗ ಹೊಳೆಯುವ ಸ್ಟೀಲ್ ಪೈಪಿನಿಂದ ತಿಳಿನೀರು ಬರುತ್ತಿದೆ. ಅಲ್ಲಿನ ಅಜ್ಜಿಯೊಬ್ಬರು ಮೊದಲ ಚೊಂಬು ತುಂಬಿ ನಮ್ಮ ಟ್ರಸ್ಟಿಯೊಬ್ಬರಿಗೆ ಕುಡಿಸಿ 'ಎಯಲಾಮಾ ನೋಯ್' ಅಂದರಂತೆ. ಬಹಳ ಧನ್ಯವಾದ ಅಂತ ಅರ್ಥ. ಆ ಮಾತು ನಿಮಗೆ ಸಲ್ಲಬೇಕಾದದ್ದು.

ಇನ್ನು ಉಳಿದಿರುವುದು ಹನ್ನೊಂದು. ಎರಡು ನಿಂತಿವೆ, ಒಂಬತ್ತು ಕೆಂಪುನೀರು ಕೊಡುತ್ತಿವೆ. ಪೈಪು, ಸಾಗಣೆ, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ ಒಂದಕ್ಕೆ ಹೆಚ್ಚುಕಡಿಮೆ 1,400 ಪೌಂಡ್. ಒಟ್ಟು 15,400ರಷ್ಟು ಬೇಕು. ನಮ್ಮ ಹಿರಿಯ ದಾನಿಯೊಬ್ಬರು, ಹೆಸರು ಹೇಳಬೇಡಿ ಅಂದಿದ್ದಾರೆ, ನವೆಂಬರ್ 30ರೊಳಗೆ ಸೇರುವ ಮೊತ್ತದಷ್ಟೇ ತಾವೂ ಹಾಕುವುದಾಗಿ ಮಾತು ಕೊಟ್ಟಿದ್ದಾರೆ. ಅಂದರೆ ನಾವು ಕೂಡಿಸಬೇಕಾದ್ದು 7,700.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ದಯವಿಟ್ಟು ಗಿಫ್ಟ್ ಏಡ್ ಫಾರಂ ತುಂಬಿ. ನೀವು 100 ಕೊಟ್ಟರೆ ತೆರಿಗೆ ಇಲಾಖೆಯಿಂದ ನಮಗೆ ಇನ್ನೂ 25 ಬರುತ್ತದೆ. ಹಣ ಕಳಿಸುವಾಗ 'ಪೈಪು' ಅಂತ ಬರೆಯಿರಿ. ಹಾಗೆ ಬರೆದ ಹಣವನ್ನು ಬೇರೆ ಯಾವುದಕ್ಕೂ ಬಳಸಲು ಕಾನೂನಿನಲ್ಲೇ ಅವಕಾಶವಿಲ್ಲ. ತಿಂಗಳಿಗೆ ಹತ್ತು ಪೌಂಡ್ ಕೊಡುವವರು ಅದನ್ನು ಹದಿನೈದು ಮಾಡಿದರೂ ನಮಗೆ ದೊಡ್ಡದು.

ಡಿಸೆಂಬರ್‌ನಿಂದ ಅಲ್ಲಿ ಒಣಗಾಲ. ಹಣ ಸೇರಿದರೆ ಮೊದಲ ವಾರವೇ ಕಂಪಾಲಾದಿಂದ ಲಾರಿ ಹೊರಡುತ್ತದೆ. ಮೊದಲು ಯಾವ ಊರು ಅಂತ ಸಮಿತಿಗಳು ಆಗಲೇ ಹೇಳಿವೆ: ನಿಂತ ಎರಡು, ಆಮೇಲೆ ಶಾಲೆಯ ಪಕ್ಕದವು.

ಟ್ರಸ್ಟಿಗಳೆಲ್ಲರ ಪರವಾಗಿ,
ಖಜಾಂಚಿ