ಮೇಷ್ಟರಿಗೊಂದು ಪತ್ರ, ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ

ಪ್ರಿಯ ಮೇಷ್ಟ್ರೇ,

ನಿನ್ನ ಪತ್ರಕ್ಕೆ ಉತ್ತರ ಬಾಕಿಯಿದೆ, ಹಸಿರು ಸೈಕಲ್ಲಿನ ಲೆಕ್ಕವೂ ಬಾಕಿಯಿದೆ. ಎರಡನ್ನೂ ಬದಿಗಿಟ್ಟು ಬೇರೆಯದನ್ನೇ ಬರೆಯುತ್ತಿದ್ದೇನೆ. ಮಗಳು ಓದಿದ ಹೈಸ್ಕೂಲಿನ ಕೌನ್ಸೆಲರ್ ತೀರಿಕೊಂಡರು. 30 ವರ್ಷಕ್ಕೂ ಮಿಕ್ಕಿ ಒಂದೇ ಶಾಲೆಯಲ್ಲಿದ್ದವರು. ನುಡಿನಮನಕ್ಕೆ ಸಭಾಂಗಣ ಸಾಲದೆ ಜನ ಹೊರಗೂ ನಿಂತಿದ್ದರು.

ಇಲ್ಲಿ ಅಮೆರಿಕದ ಅನೇಕ ಶಾಲೆಗಳಲ್ಲಿ ಮಕ್ಕಳನ್ನು ಕೌನ್ಸೆಲರ್‌ಗಳಿಗೆ ಹಂಚುವುದು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿ. ನಮಗೆ ಮನೆತನದ ಹೆಸರೆಲ್ಲಿತ್ತು? ಪಾಸ್‌ಪೋರ್ಟಿನ ಅರ್ಜಿಯಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ತುಂಬಿದ್ದೆ. ಹೀಗೆ, ಮಲೆನಾಡು ಬಿಟ್ಟು ಎಲ್ಲಿಗೂ ಹೋಗದ ಅಪ್ಪನ ಮೊದಲಕ್ಷರವೇ ಮೊಮ್ಮಗಳನ್ನು ಆ ಮಹಾತಾಯಿಯ ಕೋಣೆಗೆ ಕಳಿಸಿತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಕೆಯ ಕೆಲಸವೇನೆಂದು ಒಮ್ಮೆ ಕೇಳಿದ್ದೆಯಲ್ಲ? ಯಾವ ವಿಷಯ ಓದಬೇಕೆಂಬ ಸಲಹೆ, ವೇಳಾಪಟ್ಟಿ, ಕಾಲೇಜುಗಳಿಗೆ ಶಿಫಾರಸು ಪತ್ರ, ಸರ್ಕಾರಿ ಶುಲ್ಕ ನೆರವಿನ ಅರ್ಜಿ, ಇವೆಲ್ಲದರ ನಡುವೆ ಬಾಗಿಲು ತಟ್ಟುವ ಮಕ್ಕಳು. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿಗಿಂತ ಹೆಚ್ಚಿರಬಾರದೆಂದು ಅವರ ರಾಷ್ಟ್ರೀಯ ಸಂಘ ಹೇಳುತ್ತದೆ. ನಮ್ಮ ಮಿಷಿಗನ್‌ ರಾಜ್ಯದ ಸರಾಸರಿ ಅದರ ದುಪ್ಪಟ್ಟನ್ನೂ ಮೀರಿದೆ.

ಈ ವೃತ್ತಿಯ ಒಂದು ಬೇರು ನಾನಿರುವ ಊರಲ್ಲೇ ಇದೆ, ಗೊತ್ತೇ? 1907ರಲ್ಲಿ ಇಲ್ಲಿನ ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲರಾಗಿ ಬಂದ ಜೆಸ್ಸಿ ಡೇವಿಸ್, ಇಂಗ್ಲಿಷ್ ಪ್ರಬಂಧದ ತರಗತಿಯಲ್ಲಿ ಮಕ್ಕಳು ತಮ್ಮ ಸ್ವಭಾವದ ಬಗ್ಗೆ, ಮುಂದೆ ಮಾಡಬಯಸುವ ಕೆಲಸದ ಬಗ್ಗೆ ಬರೆಯಬೇಕೆಂದು ಏರ್ಪಾಡು ಮಾಡಿದರು. ಮರುವರ್ಷ ಬಾಸ್ಟನ್ನಿನಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಕೆಲಸ ಹುಡುಕುವ ಯುವಕರಿಗೆಂದು ಸಲಹಾ ಕೇಂದ್ರ ತೆರೆದು, ಅದೇ ವರ್ಷ ತೀರಿಕೊಂಡರು. ಆದರೆ ಸರ್ಕಾರದ ಹಣ ಧಾರಾಳವಾಗಿ ಹರಿದದ್ದು ರಷ್ಯಾದ ಸ್ಪುಟ್ನಿಕ್ ಉಪಗ್ರಹ ಹಾರಿದ ಮೇಲೆ. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯು ಶಾಲಾ ಕೌನ್ಸೆಲಿಂಗ್‌ಗೆ ನೆರವು ಕೊಟ್ಟಿತು. ಪ್ರತಿಭಾವಂತ ಮಕ್ಕಳನ್ನು, ಅದರಲ್ಲೂ ವಿಜ್ಞಾನ, ಗಣಿತದಲ್ಲಿ ಮುಂದಿರುವವರನ್ನು ಹೆಕ್ಕಿ ಕಾಲೇಜಿಗೆ ಕಳಿಸಲಿ ಎಂಬುದು ಅದರ ಆಸೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ನಿನ್ನ ಮಾವ, ನನ್ನ ದೊಡ್ಡಪ್ಪ ನಮ್ಮನ್ನು ವಿಂಗಡಿಸಿದರಲ್ಲ, ಹೆಚ್ಚುಕಡಿಮೆ ಅದೇ. ಈಕೆ ಮಾತ್ರ ಹಾಗೆ ವಿಂಗಡಿಸಲು ಒಪ್ಪದವರು. ನುಡಿನಮನದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಎದ್ದುನಿಂತ. ಎಲ್ಲರೂ ಕಾಲೇಜು ಕಾಲೇಜು ಎನ್ನುತ್ತಿದ್ದಾಗ ತನ್ನ ಕೈಗಳನ್ನು ಗಮನಿಸಿದವರು ಇವರೊಬ್ಬರೇ ಎಂದು ಹೇಳಿ ಮುಂದೆ ಮಾತಾಡಲಾರದೆ ಕುಳಿತ.

ಆಮೇಲೆ ನನ್ನ ಮಗಳು ಎದ್ದಳು. ಅವಳು ಮಾತಾಡುತ್ತಾಳೆಂದು ನಮಗೆ ಗೊತ್ತೇ ಇರಲಿಲ್ಲ. ಹನ್ನೊಂದನೇ ತರಗತಿಯ ಬಹುಪಾಲು ದಿನ ಮಧ್ಯಾಹ್ನದ ಊಟಕ್ಕೆ ಜೊತೆಯಾಗುವವರಿಲ್ಲದೆ ಆ ಕೋಣೆಯಲ್ಲಿ ಡಬ್ಬಿ ತೆರೆಯುತ್ತಿದ್ದಳಂತೆ. ನನ್ನ ಹೆಂಡತಿ ಬೆಳಗ್ಗೆ ಎದ್ದು ಕಟ್ಟಿದ ಡಬ್ಬಿ. ಆ ವರ್ಷವೂ ಮರುವರ್ಷವೂ ಪೋಷಕರ ಸಭೆಯಲ್ಲಿ ಆಕೆ ನನ್ನ ಕೈಕುಲುಕಿದ್ದರು, ಮಗಳ ಚಿತ್ರಕಲೆಯನ್ನು ಹೊಗಳಿದ್ದರು. ಆಕೆಗೆ ಎಲ್ಲ ಗೊತ್ತಿತ್ತು. ಮಗುವಿನ ಪ್ರಾಣಕ್ಕೋ ಇನ್ನೊಬ್ಬರಿಗೋ ಅಪಾಯವಿದ್ದರೆ ಹೇಳಲೇಬೇಕು, ಉಳಿದದ್ದನ್ನು ಆದಷ್ಟು ಕಾಪಾಡಬೇಕು ಎನ್ನುವುದು ಆ ವೃತ್ತಿಯ ಧರ್ಮ. ಕಾಪಾಡಿದರು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, ನಮಗೇಕೆ ಹೇಳಲಿಲ್ಲ ಎಂದು. ‘ಮನೆಯಲ್ಲಿ ಹೇಳಿದ್ದರೆ ನಿಮ್ಮಿಬ್ಬರನ್ನೂ ನಾನೇ ಸಮಾಧಾನ ಮಾಡಬೇಕಿತ್ತು’ ಎಂದಳು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ಅವಳ ಮಾತು ನಿಜ. ನಾವು ಹೌಹಾರುತ್ತಿದ್ದೆವು.

ಇದನ್ನೂ ಹೇಳಿಬಿಡುತ್ತೇನೆ. ಅಂದು ರಾತ್ರಿ ನನಗೆ ನೋವಿಗಿಂತ ಹೆಚ್ಚಾಗಿ ಆದದ್ದು ಅಸೂಯೆ. ಆಕೆಯ ಮೇಲಲ್ಲ, ಮಗಳ ಮೇಲೆ. ಹದಿನಾರರಲ್ಲಿ ನನಗೇನು ಬೇಕಿತ್ತು ಎನ್ನುವುದು ನನಗೆ ಇಂದಿಗೂ ತಿಳಿಯದು. ಯಾರಾದರೂ ಕೇಳಿದ್ದರೆ ಹುಡುಕಿಕೊಳ್ಳುತ್ತಿದ್ದೆನೇನೋ. ಈ ಕೆಲಸ, ಈ ಮನೆ, ಈ ಹಿಮದೂರು ಯಾವುದರ ಬಗ್ಗೆಯೂ ದೂರಿಲ್ಲ, ಆದರೆ ಇವುಗಳಲ್ಲಿ ನಾನು ಆರಿಸಿದ್ದು ಯಾವುದೆಂದು ಎಣಿಸಲು ಹೊರಟರೆ ಕೈ ತಡೆಯುತ್ತದೆ. ನಾಲ್ಕು ಜನ ಓದುವ ಪತ್ರದಲ್ಲಿ ಇಷ್ಟನ್ನು ಬರೆಯುವ ಯೋಚನೆ ಇರಲಿಲ್ಲ. ಬರೆದಾಗಿದೆ, ಇರಲಿ.

ನಿನ್ನ ವಿಷಯಕ್ಕೆ ಬರುತ್ತೇನೆ. ಹತ್ತು ಶಾಲೆಗಳಿಗೆ ಒಬ್ಬ ಸಂಚಾರಿ ಸಮಾಲೋಚಕರಾದರೂ ಇರಲಿ ಎಂದು ನಮ್ಮ ದೇಶದ 1964-66ರ ಕೊಠಾರಿ ಶಿಕ್ಷಣ ಆಯೋಗವೇ ಹೇಳಿತ್ತು. ಅಂಥವರು ನಿನ್ನ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನೀನು ಎಂದೂ ಬರೆದಿಲ್ಲ. ಗಣಿತದ ಪಾಠ ಮುಗಿಸಿ, ಬಿಸಿಯೂಟದ ಲೆಕ್ಕ ಬರೆದು, ಸಂಜೆ ಬಸ್ ತಪ್ಪಿಸಿಕೊಂಡು ಯಾವುದೋ ಹುಡುಗಿಯ ಅಪ್ಪನ ಜೊತೆ ವಾದಿಸಿ ಅವಳನ್ನು ಪಿಯುಸಿಗೆ ಸೇರಿಸುತ್ತೀಯಲ್ಲ, ಅದಕ್ಕೆ ಇಲ್ಲಿ ಪ್ರತ್ಯೇಕ ಪದವಿ, ಹುದ್ದೆ, ಬಾಗಿಲ ಮೇಲೆ ಹೆಸರು ಎಲ್ಲ ಇದೆ. ಸಭಾಂಗಣದಲ್ಲಿ ನಿನ್ನ ನೆನಪು ಬಹಳ ಬಂತು. ಇಂಥ ಮಾತನ್ನು ನೀನು ಬದುಕಿರುವಾಗಲೇ ಹೇಳಬೇಕೆನ್ನಿಸಿತು, ಹೇಳಿದ್ದೇನೆ. ಉತ್ತರದಲ್ಲಿ ಇದರ ಸುದ್ದಿ ಎತ್ತಬೇಡ.

ಜೂನ್‌ನಲ್ಲಿ ಬರುತ್ತೇವೆ. ಮಗಳಿಗೆ ನಿನ್ನ ಶಾಲೆಯನ್ನು ನೋಡುವ ಆಸೆ, ನನಗೆ ನಿಮ್ಮ ಮನೆಯ ಹಲಸಿನ ಹಪ್ಪಳದ ಆಸೆ. ಕೊನೆಯ ಬೆಂಚಿನ ಒಪ್ಪಂದ ಇನ್ನೂ ಜಾರಿಯಲ್ಲಿದೆ, ಅವಳೆದುರು ಬಾಯಿ ಬಿಡಬೇಡ.

ನಿನ್ನ,
ಸೈಕಲ್ ಸಾಲಗಾರ