ಅಮ್ಮ, ಈ ಸಲ ರಾತ್ರಿ ಬಸ್ಸು ಬೇಡ

ದುಬೈ, ಜೂನ್ 28

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಅಕ್ಕನ ಬಾಣಂತನಕ್ಕೆ ರಾತ್ರಿ ಬಸ್ಸಲ್ಲೇ ಬೆಂಗಳೂರಿಗೆ ಹೊರಟಿದ್ದೀಯಂತೆ. ಅಪ್ಪ ಹೇಳಿದರು. ಫೋನಿನಲ್ಲಿ ಹೇಳಿದರೆ "ಆಯ್ತು ಮಾರಾಯ್ತಿ, ನೋಡುವ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಉಡುಪಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ರಾತ್ರಿ 9ಕ್ಕೆ ಹತ್ತಿದರೆ ಬೆಳಗ್ಗೆ 6, 7 ಆಗುತ್ತದೆ. ಅದೂ ಶಿರಾಡಿ ಘಾಟಿ ಸರಿ ಇದ್ದರೆ. ಹಿಂದೆ ಒಂದು ಮಳೆಗಾಲದಲ್ಲಿ ನಾನು ಹೋದಾಗ ಗುಂಡ್ಯ ದಾಟಿದ ಮೇಲೆ ಗುಡ್ಡ ಜರಿದು ಬಸ್ಸು ಬೆಳಕು ಹರಿಯುವವರೆಗೆ ನಿಂತಿತ್ತು, ನೆನಪಿದೆಯಲ್ವಾ? ಆವತ್ತು ನಿನಗೆ ಹೇಳದ್ದು ಒಂದಿದೆ. ಮುಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ಕಾಲು ಮಡಚಲಿಕ್ಕೂ ಆಗದು, ನೀಡಲಿಕ್ಕೂ ಆಗದು. ಬಸ್ಸಿನ ಮೆಟ್ಟಿಲ ಮೇಲೆ ಬಂದು ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಮಡಿಲಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆ. ಮಗಳಿಗೆ ಅಂತೆ. ಬೆಳಗಾಗುವಾಗ ಹೂವು ಅರಳಿ, ಬಸ್ಸೆಲ್ಲ ಘಮ ಘಮ. ಅವರ ಮುಖ ಮಾತ್ರ ಬಾಡಿಹೋಗಿತ್ತು. ನಿನ್ನ ಮೊಣಕಾಲು ನೆನೆಸಿಕೊಂಡಾಗಲೆಲ್ಲ ಆ ಅಜ್ಜಿಯೇ ಕಣ್ಣೆದುರು ಬರುತ್ತಾರೆ.

ಅಪ್ಪ ರೈಲು ಅನ್ನುತ್ತಾರೆ. ಬೇಸಿಗೆಯಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ 2024ರ ಜುಲೈಯಲ್ಲಿ ಘಾಟಿಯ ರೈಲುದಾರಿಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಕುಸಿದು ಎಷ್ಟೋ ದಿನ ರೈಲೇ ಓಡಲಿಲ್ಲ.

ವಿಮಾನದಲ್ಲಿ ಬರೀ ಒಂದು ಗಂಟೆ ಅಂತ ಎಲ್ಲರೂ ಹೇಳುತ್ತಾರೆ. ಹಾರುವುದು ಅಷ್ಟೇ ಹೌದು, ಮಂಗಳೂರಿನಿಂದ ಆಕಾಶದಲ್ಲಿ ಸುಮಾರು 300 ಕಿ.ಮೀ. ಆದರೆ ಮನೆಯಿಂದ ಬಜಪೆ ವಿಮಾನ ನಿಲ್ದಾಣಕ್ಕೆ ಮಳೆಯಲ್ಲಿ ಒಂದೂವರೆ ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು. ಇಳಿದ ಮೇಲೆ ದೇವನಹಳ್ಳಿಯಿಂದ ಜಯನಗರಕ್ಕೆ ಟ್ರಾಫಿಕ್ ದಾಟಿ ಎರಡು ಗಂಟೆ. ಒಟ್ಟು ಏಳು ಗಂಟೆ ಹಿಡಿ. ಬಸ್ಸಿಗಿಂತ ಉಳಿಯುವುದು ಎರಡು, ಮೂರು ಗಂಟೆ ಅಷ್ಟೇ. ನನಗೆ ಆ ಗಂಟೆ ಮುಖ್ಯ ಅಲ್ಲ ಅಮ್ಮ. ರಾತ್ರಿ ನಿನ್ನ ಮಂಚದಲ್ಲೇ ಮಲಗಿ ಏಳುತ್ತೀಯಲ್ಲ, ನಡುನಡುವೆ ಎದ್ದು ಓಡಾಡಬಹುದಲ್ಲ, ಅದು ಮುಖ್ಯ.

ನಿನಗೆ ಬಜಪೆ ಅಂದರೆ ಹೆದರಿಕೆ ಅಂತ ಗೊತ್ತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ಬಿದ್ದಾಗ ಟಿವಿ ಮುಂದೆ ನೀನು ಅತ್ತದ್ದು ನಾನು ಮರೆತಿಲ್ಲ. ಆದರೆ ಅದೇ ಗುಡ್ಡದ ಮೇಲಿನ ರನ್‌ವೇಯಿಂದ ನಾನು ಎಷ್ಟು ಸಲ ಹೋಗಿ ಬಂದೆ ಹೇಳು. ಮಾವ ಗಲ್ಫಿಗೆ ಹೋಗುವ ಕಾಲಕ್ಕೆ ಬೊಂಬಾಯಿಗೇ ಬಸ್ಸಲ್ಲಿ ಒಂದಿಡೀ ದಿನ ಬೇಕಿತ್ತು. 2006ರಿಂದ ಬಜಪೆಯಿಂದಲೇ ದುಬೈಗೆ ವಿಮಾನ. 2,400 ಕಿ.ಮೀ. ಮೀರಿದ ದೂರ, ನಾಲ್ಕು ಗಂಟೆ ಸಾಕು. ಘಾಟಿಯ ಆಚೆ ಇರುವ ಅಕ್ಕನೇ ನಿನಗೆ ಜಾಸ್ತಿ ದೂರ ಆಗಿದ್ದಾಳೆ, ನೋಡು.

ಟಿಕೆಟ್ ಮಾಡಿಬಿಟ್ಟಿದ್ದೇನೆ, ಬೈಯಬೇಡ. ಬೆಳಗ್ಗಿನ ಮೋಡ, ಮಂಜಿನ ತಾಪತ್ರಯ ಬೇಡ ಅಂತ ಮಧ್ಯಾಹ್ನದ್ದು ಹಾಕಿದೆ. ವೀಲ್‌ಚೇರೂ ಹೇಳಿದ್ದೇನೆ, ನಾಚಿಕೊಳ್ಳದೆ ಕೂತ್ಕೊ. ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ದೊಡ್ಡ ಬ್ಯಾಗಿಗೆ ಹಾಕು. ಅದು 15 ಕೆ.ಜಿ. ದಾಟಬಾರದು. ಮಲ್ಲಿಗೆ ಬೇಕಾದರೆ ಕೈಯಲ್ಲೇ ಹಿಡಿದುಕೋ.

ಹತ್ತುವ ಮೊದಲು ಒಂದು ಫೋನ್ ಮಾಡು. ಇಲ್ಲಿ ಒಂದೂವರೆ ಗಂಟೆ ಹಿಂದೆ, ನಾನು ಆಫೀಸಿನಲ್ಲಿ ಇರುತ್ತೇನೆ. ಆದರೂ ಎತ್ತುತ್ತೇನೆ.

ನಿನ್ನ,
ಸಣ್ಣ ಮಗಳು